ಜೀರ್ಣನಾಳದ ಭಿತ್ತಿ: ಅಂಗಾಂಶ ಪದರಗಳು

ಅನ್ನನಾಳದಿಂದ ಗುದನಾಳದವರೆಗೆ ಮನುಷ್ಯನ ಜೀರ್ಣನಾಳವನ್ನು ಎಲ್ಲಿ ಅಡ್ಡ ಕೊಯ್ದು ನೋಡಿದರೂ ಅದರ ಭಿತ್ತಿಯಲ್ಲಿ ನಾಲ್ಕು ಪದರಗಳು ಒಂದೇ ಅನುಕ್ರಮದಲ್ಲಿ ಕಾಣಿಸುತ್ತವೆ. ಆಹಾರಕ್ಕೆ ನೇರವಾಗಿ ತಾಗುವ ಒಳಮೈ ಲೋಳೆಪೊರೆ. ವೈದ್ಯರು ಇದನ್ನು ಮ್ಯೂಕೋಸ ಎನ್ನುತ್ತಾರೆ. ಅದಕ್ಕೆ ಆತುಕೊಂಡಿರುವುದು ಸಬ್‌ಮ್ಯೂಕೋಸ ಎಂಬ ಸಂಯೋಜಕ ಅಂಗಾಂಶ. ಮೂರನೆಯದು ಸ್ನಾಯುಪದರ. ಹೊರಮೈಯಲ್ಲಿ ಸೀರೋಸ ಎಂಬ ನುಣುಪಾದ ತೆಳುಪೊರೆ ಇರುತ್ತದೆ. ಹೊಟ್ಟೆಯ ಕುಹರದಿಂದ ಹೊರಗಿರುವ ಭಾಗಗಳಲ್ಲಿ ಅದರ ಬದಲು ಅಡ್ವೆಂಟಿಶಿಯ ಎಂಬ ಸಡಿಲ ಅಂಗಾಂಶವಿರುತ್ತದೆ. ಸಣ್ಣ ಕರುಳಿನಲ್ಲಿ ಈ ನಾಲ್ಕೂ ಸೇರಿದರೆ ದಪ್ಪ ಎರಡು ಮೂರು ಮಿಲಿಮೀಟರ್ ಮಾತ್ರ.

ಜೀರ್ಣಕ್ರಿಯೆ ಎಂದೊಡನೆ ಆಮ್ಲ, ಪಿತ್ತರಸ, ಕಿಣ್ವಗಳು ನೆನಪಿಗೆ ಬರುತ್ತವೆ. ಆದರೆ ಈ ರಸಗಳಲ್ಲಿ ಹಲವನ್ನು ಸ್ರವಿಸುವುದು, ಆಹಾರವನ್ನು ಕಲಸಿ ಮುಂದೂಡುವುದು, ಸಾರವನ್ನು ಹೀರಿ ರಕ್ತಕ್ಕೆ ಸೇರಿಸುವುದು, ರೋಗಾಣುಗಳನ್ನು ತಡೆಯುವುದು ಎಲ್ಲವೂ ಈ ತೆಳು ಭಿತ್ತಿಯ ಕೆಲಸ. ಕರುಳಿನ ಕಾಯಿಲೆಗಳ ಸ್ವಭಾವವನ್ನು ತಿಳಿಯಲು ಸಹ ಪದರಗಳೇ ದಾರಿ. ಎಷ್ಟೋ ಕಾಯಿಲೆಗಳಲ್ಲಿ ಗಾಯದ ಅಗಲಕ್ಕಿಂತ ಅದು ಯಾವ ಪದರದವರೆಗೆ ಇಳಿದಿದೆ ಎಂಬುದೇ ರೋಗಿಯ ಭವಿಷ್ಯವನ್ನು ನಿರ್ಧರಿಸುತ್ತದೆ.

ಈ ದೃಷ್ಟಿಗೆ ಅಡಿಪಾಯ ಹಾಕಿದವನು ಫ್ರಾನ್ಸಿನ ಅಂಗರಚನಾಶಾಸ್ತ್ರಜ್ಞ ಕ್ಸೇವಿಯರ್ ಬಿಶಾ. ಕಾಯಿಲೆ ಬರುವುದು ಇಡೀ ಅಂಗಕ್ಕಲ್ಲ, ಆ ಅಂಗದ ಒಂದು ಅಂಗಾಂಶಕ್ಕೆ ಎಂದು 18ನೆಯ ಶತಮಾನದ ಕೊನೆಯಲ್ಲಿ ಅವನು ವಾದಿಸಿದ. ಹೊಟ್ಟೆಯ ಹೊರಪೊರೆಯ ಉರಿಯೂತ ಬೇರೆ, ಕರುಳಿನ ಒಳಪೊರೆಯ ಉರಿಯೂತ ಬೇರೆ ಎಂದು ಬಿಡಿಸಿ ತೋರಿಸಿದ. ಆ ಕಾಲದ ಸೂಕ್ಷ್ಮದರ್ಶಕಗಳಲ್ಲಿ ಅವನಿಗೆ ನಂಬಿಕೆಯಿರಲಿಲ್ಲ. ಶವಗಳ ಅಂಗಗಳನ್ನು ಕೊಯ್ದು, ಕುದಿಸಿ, ನೆನೆಹಾಕಿ, ಒಣಗಿಸಿ, ಬರಿಗಣ್ಣಿನಿಂದಲೇ 21 ಬಗೆಯ ಅಂಗಾಂಶಗಳನ್ನು ಗುರುತಿಸಿದ. 1802ರಲ್ಲಿ ಸತ್ತಾಗ ಅವನಿಗೆ 30 ವರ್ಷ.

ಇಂದು ಇದೇ ಪದರಗಳನ್ನು ನೋಡುವ ಸಾಮಾನ್ಯ ವಿಧಾನ ಹಿಮಟಾಕ್ಸಿಲಿನ್ ಮತ್ತು ಇಯೋಸಿನ್ ಬಣ್ಣ ಕಟ್ಟುವುದು. ಫಾರ್ಮಲಿನ್‌ನಲ್ಲಿಟ್ಟ ಅಂಗಾಂಶವನ್ನು ಮೇಣದಲ್ಲಿ ಹುದುಗಿಸಿ ನಾಲ್ಕೈದು ಮೈಕ್ರಾನ್ ದಪ್ಪಕ್ಕೆ ಸೀಳಿ ಬಣ್ಣಕ್ಕೆ ಅದ್ದಿದರೆ ಕೋಶಕೇಂದ್ರಗಳು ನೀಲಿಯಾಗಿ, ಉಳಿದದ್ದು ಗುಲಾಬಿಯಾಗಿ ಮೂಡುತ್ತವೆ. ಎಂಬಿಬಿಎಸ್ ಮೊದಲ ವರ್ಷದ ವಿದ್ಯಾರ್ಥಿಗಳು ನೇರಳೆ ಮತ್ತು ಗುಲಾಬಿ ಪೆನ್ಸಿಲ್ ಹಿಡಿದು ರೆಕಾರ್ಡ್ ಪುಸ್ತಕದಲ್ಲಿ ಬಿಡಿಸುವ ಚಿತ್ರ ಇದೇ. ಜಠರವೋ ಸಣ್ಣ ಕರುಳೋ ದೊಡ್ಡ ಕರುಳೋ ಎಂದು ಅವರು ಗುರುತು ಹಿಡಿಯುವುದು ಬಹುಮಟ್ಟಿಗೆ ಮೊದಲ ಪದರವನ್ನು ನೋಡಿಯೇ. ಉಳಿದ ಮೂರು ಪದರಗಳು ಉದ್ದಕ್ಕೂ ಹೆಚ್ಚು ಬದಲಾಗುವುದಿಲ್ಲ.

ಲೋಳೆಪೊರೆ

ಲೋಳೆಪೊರೆಯೊಳಗೇ ಮೂರು ಉಪಪದರಗಳಿವೆ. ಮೇಲ್ಮೈಯಲ್ಲಿ ಅನುಲೇಪಕ ಅಂಗಾಂಶ. ಅದರ ಅಡಿಯಲ್ಲಿ ರಕ್ತದ ಲೋಮನಾಳ, ದುಗ್ಧನಾಳ, ಪ್ರತಿರಕ್ಷಾ ಕೋಶಗಳಿಂದ ತುಂಬಿದ ಲ್ಯಾಮಿನ ಪ್ರೊಪ್ರಿಯ. ಕೊನೆಯಲ್ಲಿ ಮಸ್ಕ್ಯುಲಾರಿಸ್ ಮ್ಯೂಕೋಸೆ ಎಂಬ ಎಳೆಯಷ್ಟು ತೆಳುವಾದ ಸ್ನಾಯು. ಈ ಎಳೆಸ್ನಾಯುವನ್ನು ಪಠ್ಯಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ. ಆಸ್ಪತ್ರೆಯಲ್ಲಿ ಮಾತ್ರ ಅದು ದೊಡ್ಡ ಗಡಿರೇಖೆ. ಗಾಯ ಇದನ್ನು ದಾಟದಿದ್ದರೆ ಅದು ತರಚು, ಕಲೆ ಉಳಿಯದೆ ಮಾಯುತ್ತದೆ. ದಾಟಿದರೆ ಅದು ಹುಣ್ಣು, ಅಂದರೆ ಅಲ್ಸರ್.

ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳದಲ್ಲಿ ಅನುಲೇಪಕ ಅಂಗಾಂಶ ಬಾಯಿಯೊಳಗಿನಂತೆಯೇ ಚಪ್ಪಟೆ ಕೋಶಗಳ ಹಲವು ಸಾಲು. ಮೇಲಿನ ಸಾಲು ಸವೆದರೆ ಕೆಳಗಿನದು ಮೇಲೆ ಬರುತ್ತದೆ. ಗಟ್ಟಿ ತುತ್ತಿನ ಉಜ್ಜಾಟ ತಡೆಯಲು ಇದೇ ತಕ್ಕದ್ದು. ಜಠರ ಶುರುವಾಗುವಲ್ಲಿ ಈ ಸಾಲುಗಳು ಥಟ್ಟನೆ ನಿಂತು ಕಂಬದಂತಹ ಕೋಶಗಳ ಒಂದೇ ಸಾಲು ಆರಂಭವಾಗುತ್ತದೆ. ಎಂಡೋಸ್ಕೋಪಿಯಲ್ಲಿ ಈ ಗಡಿ ಬರಿಗಣ್ಣಿಗೂ ಕಾಣುತ್ತದೆ: ಮೇಲೆ ಮಾಸಲು ಬಿಳಿ, ಕೆಳಗೆ ಕೆಂಪು. ವರ್ಷಗಟ್ಟಲೆ ಆಮ್ಲ ಮೇಲುಕ್ಕುವವರಲ್ಲಿ ಅನ್ನನಾಳದ ಕೆಳತುದಿಯ ಚಪ್ಪಟೆ ಕೋಶಗಳ ಜಾಗವನ್ನು ಕಂಬಕೋಶಗಳು ಆಕ್ರಮಿಸಿಕೊಳ್ಳಬಹುದು. ಲಂಡನ್ನಿನ ಶಸ್ತ್ರವೈದ್ಯ ನಾರ್ಮನ್ ಬ್ಯಾರೆಟ್ 1950ರಲ್ಲಿ ಬರೆದ ಲೇಖನದಿಂದಾಗಿ ಈ ಸ್ಥಿತಿಗೆ ಅವನ ಹೆಸರೇ ಉಳಿದಿದೆ. ಇಂಥವರಲ್ಲಿ ಸ್ವಲ್ಪ ಮಂದಿಗೆ ಮುಂದೆ ಅಲ್ಲಿ ಕ್ಯಾನ್ಸರ್ ಬರುವುದರಿಂದ ಆಗಾಗ ಪರೀಕ್ಷೆ ಬೇಕಾಗುತ್ತದೆ.

ಜಠರದ ಒಳಮೈಯಲ್ಲಿ ಲಕ್ಷಾಂತರ ಕಿರುಗುಳಿಗಳಿವೆ, ಒಂದೊಂದರ ತಳದಲ್ಲೂ ಗ್ರಂಥಿಗಳು ತೆರೆಯುತ್ತವೆ. ಅಲ್ಲಿನ ಪೆರೈಟಲ್ ಕೋಶಗಳು ಹೈಡ್ರೋಕ್ಲೋರಿಕ್ ಆಮ್ಲವನ್ನೂ ಬಿ12 ಜೀವಸತ್ವವನ್ನು ಹೀರಲು ಬೇಕಾದ ಒಂದು ಪ್ರೋಟೀನನ್ನೂ ಸ್ರವಿಸುತ್ತವೆ. ಚೀಫ್ ಕೋಶಗಳು ಪೆಪ್ಸಿನ್ ಕಿಣ್ವದ ಪೂರ್ವರೂಪವನ್ನು ಕೊಡುತ್ತವೆ. ಮಾಂಸವನ್ನು ಕರಗಿಸುವ ಈ ರಸ ಜಠರವನ್ನೇ ಯಾಕೆ ಕರಗಿಸುವುದಿಲ್ಲ ಎಂಬ ಪ್ರಶ್ನೆಗೆ ಉತ್ತರವೂ ಇದೇ ಪದರದಲ್ಲಿದೆ. ಮೇಲ್ಮೈ ಕೋಶಗಳು ದಪ್ಪ ಲೋಳೆಯನ್ನು ಹರಡಿ ಅದರೊಳಗೆ ಬೈಕಾರ್ಬನೇಟ್ ಸೇರಿಸುತ್ತವೆ. ಜಠರದ ನಡುವೆ ಪಿಎಚ್ 1ರಿಂದ 2ರಷ್ಟು ತೀಕ್ಷ್ಣವಾಗಿದ್ದಾಗಲೂ ಲೋಳೆಯ ಅಡಿಯಲ್ಲಿ, ಕೋಶಕ್ಕೆ ತಾಗಿದಂತೆ, ಅದು ಬಹುತೇಕ ತಟಸ್ಥವಾಗಿರುತ್ತದೆ. ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ 1982ರಲ್ಲಿ ಬೆಳೆಸಿ ತೋರಿಸಿದ ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯ ವಾಸಿಸುವುದು ಈ ಲೋಳೆಯ ಅಡಿಯಲ್ಲೇ. ಹೊಟ್ಟೆಹುಣ್ಣಿಗೆ ಖಾರ ಮತ್ತು ಚಿಂತೆಯನ್ನೇ ದೂರುತ್ತಿದ್ದ ಕಾಲ ಆ ಸಂಶೋಧನೆಯಿಂದ ಮುಗಿಯಿತು. ಇಬ್ಬರಿಗೂ 2005ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಲೋಳೆಪೊರೆಯ ನಿಜವಾದ ವೈಭವ ಸಣ್ಣ ಕರುಳಿನಲ್ಲಿ. ಇಲ್ಲಿ ಹೀರುವ ಮೈ ಮೂರು ಹಂತಗಳಲ್ಲಿ ವಿಸ್ತಾರಗೊಂಡಿದೆ. ಮೊದಲು ಕಣ್ಣಿಗೆ ಕಾಣುವ ಅಡ್ಡ ಮಡಿಕೆಗಳು. ಮಡಿಕೆಗಳ ಮೇಲೆಲ್ಲ ಅರ್ಧದಿಂದ ಒಂದು ಮಿಲಿಮೀಟರ್ ಎತ್ತರದ, ಬೆರಳಿನಂತೆ ಚಾಚಿದ ವಿಲ್ಲೈಗಳು (ಒಂದಿದ್ದರೆ ವಿಲ್ಲಸ್); ಇವುಗಳಿಂದಲೇ ಕರುಳಿನ ಒಳಮೈ ಮಖಮಲ್ಲಿನಂತೆ ತೋರುತ್ತದೆ. ಒಂದೊಂದು ವಿಲ್ಲಸ್‌ನ ಒಂದೊಂದು ಕೋಶದ ತಲೆಯ ಮೇಲೂ ಸುಮಾರು ಒಂದು ಮೈಕ್ರಾನ್ ಎತ್ತರದ ಸಾವಿರಾರು ಮೈಕ್ರೋವಿಲ್ಲೈ. ಒಟ್ಟು ವಿಸ್ತೀರ್ಣ 250ರಿಂದ 300 ಚದರ ಮೀಟರ್ ಎಂದು ಪುಸ್ತಕಗಳು ಬಹುಕಾಲ ಹೇಳುತ್ತಿದ್ದವು, ಈಗಲೂ ಕೆಲವು ಹೇಳುತ್ತವೆ. 2014ರಲ್ಲಿ ಸ್ವೀಡನ್ನಿನ ಹೆಲಾಂಡರ್ ಮತ್ತು ಫಾಂಡ್ರಿಕ್ಸ್ ಹೊಸದಾಗಿ ಅಳೆದು ಇಡೀ ಜೀರ್ಣನಾಳಕ್ಕೆ ಸುಮಾರು 32 ಚದರ ಮೀಟರ್ ಎಂದು ಲೆಕ್ಕ ಕೊಟ್ಟರು. ಕನ್ನಡದ ಪಠ್ಯಗಳೂ ಈ ಅಂಕಿಯನ್ನು ತಿದ್ದಿಕೊಳ್ಳಬೇಕು.

ವಿಲ್ಲಸ್ ಒಳಗೆ ರಕ್ತದ ಲೋಮನಾಳಗಳ ಬಲೆಯೂ ನಡುವೆ ಒಂದು ದುಗ್ಧನಾಳವೂ ಇದೆ. ಸಕ್ಕರೆ ಮತ್ತು ಅಮೈನೋ ಆಮ್ಲಗಳು ರಕ್ತಕ್ಕೆ ಸೇರುತ್ತವೆ, ಕೊಬ್ಬಿನ ಬಹುಭಾಗ ದುಗ್ಧನಾಳಕ್ಕೆ. ಇಟಲಿಯ ಗಾಸ್ಪಾರೆ ಅಸೆಲ್ಲಿ 1622ರಲ್ಲಿ, ಆಗತಾನೆ ಉಂಡಿದ್ದ ಒಂದು ನಾಯಿಯ ಹೊಟ್ಟೆಯನ್ನು ತೆರೆದಾಗ ಕರುಳಿನಿಂದ ಹೊರಟ ಬಿಳಿ ಎಳೆಗಳನ್ನು ಕಂಡ. ಒಂದನ್ನು ಚುಚ್ಚಿದಾಗ ಹಾಲಿನಂತಹ ದ್ರವ ಹೊರಬಂತು. ಅದು ಹೀರಿಕೊಂಡ ಕೊಬ್ಬು.

ವಿಲ್ಲೈಗಳ ಬುಡದಲ್ಲಿರುವ ಕುಳಿಗಳ ತಳದಲ್ಲಿ ಕಾಂಡಕೋಶಗಳಿವೆ. ಅವು ವಿಭಜನೆಗೊಂಡಂತೆ ಹೊಸ ಕೋಶಗಳು ಮೇಲೇರುತ್ತ ಬಂದು, ವಿಲ್ಲಸ್ ತುದಿ ತಲುಪಿ, ಕಳಚಿ ಬೀಳುತ್ತವೆ. ಈ ಪಯಣಕ್ಕೆ ಮೂರರಿಂದ ಐದು ದಿನ ಸಾಕು. ನೆದರ್ಲೆಂಡ್ಸ್‌ನ ಹಾನ್ಸ್ ಕ್ಲೆವರ್ಸ್ ತಂಡ 2007ರಲ್ಲಿ ಈ ಕಾಂಡಕೋಶಗಳನ್ನು ನಿಖರವಾಗಿ ಗುರುತಿಸಿತು. 2009ರಲ್ಲಿ ಅದೇ ತಂಡದ ತೋಶಿರೊ ಸಾಟೊ ಒಂದೇ ಕಾಂಡಕೋಶದಿಂದ ಪ್ರಯೋಗಾಲಯದಲ್ಲಿ ಕುಳಿ ವಿಲ್ಲೈಗಳ ಸಹಿತ ಪುಟ್ಟ ಕರುಳಿನ ತುಣುಕನ್ನೇ ಬೆಳೆಸಿದರು. ಕೀಮೋಥೆರಪಿ ಪಡೆಯುವವರಿಗೆ ಬಾಯಿಹುಣ್ಣು, ಭೇದಿ ಯಾಕೆ ಬರುತ್ತದೆಂದರೆ, ವೇಗವಾಗಿ ವಿಭಜಿಸುವ ಕೋಶಗಳನ್ನು ಹುಡುಕಿ ಕೊಲ್ಲುವ ಔಷಧಕ್ಕೆ ಈ ಕೋಶಗಳೂ ಸಿಕ್ಕಿಬೀಳುತ್ತವೆ.

ಲೋಳೆಪೊರೆಯನ್ನು ಸರಿಯಾಗಿ ಅರಿತದ್ದರಿಂದ ಕೋಟ್ಯಂತರ ಜೀವ ಉಳಿದ ಕಥೆ ಕಾಲರಾದ್ದು. ಕಾಲರಾ ಕರುಳಿನ ಒಳಪೊರೆಯನ್ನೇ ಸುಲಿದುಹಾಕುತ್ತದೆ ಎಂದು 19ನೆಯ ಶತಮಾನದಿಂದ ನಂಬಿದ್ದರು. ಕೋಲ್ಕತದ ಶಂಭುನಾಥ ಡೇ 1959ರಲ್ಲಿ, ಬ್ಯಾಕ್ಟೀರಿಯವನ್ನು ಪೂರ್ತಿ ಸೋಸಿ ತೆಗೆದ ದ್ರವ ಕೂಡ ಮೊಲದ ಕರುಳಿನೊಳಗೆ ನೀರು ತುಂಬಿಸುತ್ತದೆ ಎಂದು ತೋರಿಸಿದರು. ಅಂದರೆ ಕೆಡುಕು ಒಂದು ವಿಷವಸ್ತುವಿನದು. ಮರುವರ್ಷ ಬ್ಯಾಂಕಾಕಿನ ಕಾಲರಾ ರೋಗಿಗಳ ಬಯಾಪ್ಸಿ ನೋಡಿದ ಯುಜೀನ್ ಗ್ಯಾಂಗರೋಸ ಮತ್ತು ಸಂಗಡಿಗರಿಗೆ ಅನುಲೇಪಕ ಕೋಶಗಳು ಅಖಂಡವಾಗಿ ಕಂಡವು. ಅದೇ 1960ರಲ್ಲಿ ರಾಬರ್ಟ್ ಕ್ರೇನ್, ಈ ಕೋಶಗಳು ಗ್ಲೂಕೋಸನ್ನು ಸೋಡಿಯಂ ಜೊತೆಯಲ್ಲೇ ಒಳಕ್ಕೆ ಸೆಳೆಯುತ್ತವೆ ಎಂಬ ವಿವರಣೆ ಮುಂದಿಟ್ಟರು. ಪೊರೆ ಹಾಳಾಗಿಲ್ಲ, ಸೆಳೆಯುವ ದ್ವಾರ ಕೆಲಸ ಮಾಡುತ್ತಿದೆ ಎಂದಾದರೆ ಉಪ್ಪು ಸಕ್ಕರೆ ಬೆರೆಸಿದ ನೀರು ಕುಡಿಸಿಯೇ ರೋಗಿಯನ್ನು ಉಳಿಸಬಹುದು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನ್‌ಗಾಂವ್ ಶಿಬಿರದಲ್ಲಿ ಸಲೈನ್ ಬಾಟಲಿಗಳು ಸಾಲದೆ ಹೋದಾಗ ದಿಲೀಪ್ ಮಹಾಲನೋಬಿಸ್ ಇದನ್ನು ಮಾಡಿ ತೋರಿಸಿದರು. ಇಂದು ಔಷಧ ಅಂಗಡಿಯಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣದ ಹಿಂದೆ ಇರುವುದು ಸಣ್ಣ ಕರುಳಿನ ಒಂದೇ ಸಾಲು ಕೋಶಗಳ ಈ ಗುಣ.

ವಿಲ್ಲೈಗಳು ಎಲ್ಲರಲ್ಲೂ ಒಂದೇ ಆಕಾರದಲ್ಲಿರುವುದಿಲ್ಲ. ಗೋಧಿಯ ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆಯಲ್ಲಿ ಅವು ಬೋಳಾಗಿಬಿಡುತ್ತವೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಸೆಲ್ವಿನ್ ಬೇಕರ್ ಮತ್ತು ವಿ. ಐ. ಮಥಾನ್ ನಡೆಸಿದ ಅಧ್ಯಯನಗಳಲ್ಲಿ, ಆರೋಗ್ಯವಂತರೆಂದೇ ತೋರುವ ದಕ್ಷಿಣ ಭಾರತೀಯರಲ್ಲೂ ವಿಲ್ಲೈಗಳು ಬೆರಳಿನಾಕಾರದ ಬದಲು ಎಲೆಯಂತೆ, ದಿಂಡಿನಂತೆ ಅಗಲವಾಗಿರುವುದು ಕಂಡುಬಂತು. ಕೊಳಕು ನೀರು, ಪದೇ ಪದೇ ಆಗುವ ಸೋಂಕುಗಳೊಂದಿಗೆ ಇದಕ್ಕೆ ನಂಟಿದೆ ಎಂಬುದು ಈಗ ವ್ಯಾಪಕ ಅಭಿಪ್ರಾಯ. ಮಗುವಿಗೆ ಊಟ ಕೊಟ್ಟರೂ ಮೈಗೆ ಹತ್ತದೆ ಇರುವುದಕ್ಕೆ ಒಂದು ಕಾರಣ ಇಲ್ಲಿದೆ.

ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ದುಗ್ಧಕೋಶಗಳ ಗುಂಪುಗಳಿವೆ. 1677ರಲ್ಲಿ ಸ್ವಿಟ್ಜರ್ಲೆಂಡಿನ ಯೊಹಾನ್ ಪೇಯರ್ ವರ್ಣಿಸಿದ್ದರಿಂದ ಇವು ಪೇಯರ್ ತೇಪೆಗಳು. ಕರುಳಿನೊಳಗೆ ಬಂದ ಅಪರಿಚಿತ ವಸ್ತುಗಳ ಮಾದರಿಯನ್ನು ಇಲ್ಲಿನ ವಿಶೇಷ ಕೋಶಗಳು ಒಳಗೆಳೆದು ಪ್ರತಿರಕ್ಷಾ ಕೋಶಗಳಿಗೆ ಒಪ್ಪಿಸುತ್ತವೆ. ಟೈಫಾಯ್ಡ್ ಬ್ಯಾಕ್ಟೀರಿಯ ಒಳನುಸುಳಲು ಬಳಸುವುದೂ ಇದೇ ಬಾಗಿಲು. ಆದ್ದರಿಂದ ಟೈಫಾಯ್ಡ್ ಹುಣ್ಣುಗಳು ತೇಪೆಗಳಂತೆಯೇ ಕರುಳಿನ ಉದ್ದಕ್ಕೆ ಇರುತ್ತವೆ, ಚಿಕಿತ್ಸೆ ತಡವಾದರೆ ಸುಮಾರು ಮೂರನೆಯ ವಾರದಲ್ಲಿ ತೂತು ಬೀಳುವ ಅಪಾಯವೂ ಅಲ್ಲೇ. ಕರುಳಿನ ಕ್ಷಯದ ಹುಣ್ಣುಗಳು ದುಗ್ಧನಾಳಗಳ ಜಾಡು ಹಿಡಿದು ಕರುಳಿನ ಸುತ್ತ ಅಡ್ಡಲಾಗಿ ಹಬ್ಬುತ್ತವೆ. ಮಾಯುವಾಗ ಕರುಳನ್ನು ಬಿಗಿದು ಕಿರಿದಾಗಿಸುತ್ತವೆ.

ದೊಡ್ಡ ಕರುಳಿನಲ್ಲಿ ವಿಲ್ಲೈಗಳಿಲ್ಲ. ನೇರ ಕೊಳವೆಗಳಂತಹ ಗ್ರಂಥಿಗಳೂ ಲೋಳೆ ಸುರಿಸುವ ಗಾಬ್ಲೆಟ್ ಕೋಶಗಳೂ ತುಂಬಿವೆ. ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಇಲಿಗಳಲ್ಲಿ ತೋರಿಸಿದಂತೆ ಈ ಲೋಳೆಗೆ ಎರಡು ಸ್ತರಗಳಿವೆ: ಹೊರಗಿನ ಸಡಿಲ ಸ್ತರದಲ್ಲಿ ಬ್ಯಾಕ್ಟೀರಿಯಗಳು ನೆಲೆಸುತ್ತವೆ, ಕೋಶಗಳಿಗೆ ಅಂಟಿದ ಒತ್ತಾದ ಸ್ತರದೊಳಕ್ಕೆ ಅವಕ್ಕೆ ಪ್ರವೇಶವಿಲ್ಲ. ಗುದನಾಳದ ಕೊನೆಯಲ್ಲಿ ಡೆಂಟೇಟ್ ರೇಖೆ ಎಂಬ ಗಡಿಯಿದೆ. ಅದರ ಮೇಲೆ ಕಂಬಕೋಶಗಳು, ಕೆಳಗೆ ಮತ್ತೆ ಚಪ್ಪಟೆ ಕೋಶಗಳು. ನೋವು ತಿಳಿಸುವ ನರಗಳು ಕೆಳಭಾಗದಲ್ಲಿ ಮಾತ್ರ ದಟ್ಟವಾಗಿವೆ. ಒಳಮೂಲವ್ಯಾಧಿ ನೋವಿಲ್ಲದೆ ರಕ್ತ ಸುರಿಸುವುದಕ್ಕೂ ಹೊರಮೂಲವ್ಯಾಧಿ ಕೂರಲು ಬಿಡದಷ್ಟು ನೋಯುವುದಕ್ಕೂ ಕಾರಣ ಈ ರೇಖೆ.

ಸಬ್‌ಮ್ಯೂಕೋಸ

ಕೊಲಾಜನ್ ಮತ್ತು ಎಲಾಸ್ಟಿನ್ ನಾರುಗಳು ಹೆಣೆದ ಪದರ ಇದು. ದೊಡ್ಡ ರಕ್ತನಾಳಗಳು ಇಲ್ಲಿ ಹಾಯುತ್ತವೆ. ಆಳವಾದ ಹುಣ್ಣು ಇಲ್ಲಿಯವರೆಗೆ ಬಂದಾಗ ಭಾರಿ ರಕ್ತಸ್ರಾವವಾಗುವುದು ಅದಕ್ಕೇ. ಸಬ್‌ಮ್ಯೂಕೋಸದಲ್ಲಿ ಗ್ರಂಥಿಗಳಿರುವುದು ಅನ್ನನಾಳ ಮತ್ತು ಸಣ್ಣ ಕರುಳಿನ ಮೊದಲ ಭಾಗವಾದ ಡ್ಯುವೋಡಿನಂ ಎರಡರಲ್ಲೇ. ಡ್ಯುವೋಡಿನಂನ ಬ್ರೂನರ್ ಗ್ರಂಥಿಗಳು ಜಠರದಿಂದ ಇಳಿದ ಆಮ್ಲವನ್ನು ತಣಿಸುವ ಕ್ಷಾರೀಯ ಲೋಳೆ ಕೊಡುತ್ತವೆ.

ಭಿತ್ತಿಯ ಬಲವೆಲ್ಲ ಈ ಪದರದ್ದು. ಬೋಟಿ ತೊಳೆಯುವವರಿಗೆ ಇದು ಕೈಯಾರೆ ಗೊತ್ತು: ಬಿಸಿನೀರಿನಲ್ಲಿ ಅದ್ದಿ ಕೆರೆದರೆ ಒಳಗಿನ ಲೋಳೆ ಸುಲಭವಾಗಿ ಬಿಟ್ಟುಬರುತ್ತದೆ, ಅದರ ಹಿಂದಿನ ಪೊರೆ ಎಳೆದರೂ ಹರಿಯುವುದಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಗಾಯ ಹೊಲಿಯಲು ಬಹುಕಾಲ ಬಳಸಿದ ಕ್ಯಾಟ್‌ಗಟ್ ದಾರವನ್ನು ಕುರಿಯ ಸಣ್ಣ ಕರುಳಿನ ಸಬ್‌ಮ್ಯೂಕೋಸದಿಂದ ತಯಾರಿಸುತ್ತಿದ್ದರು.

ಕತ್ತರಿಸಿದ ಕರುಳನ್ನು ಜೋಡಿಸುವುದು ಶಸ್ತ್ರವೈದ್ಯರಿಗೆ ಶತಮಾನಗಳ ಸವಾಲಾಗಿತ್ತು. ಸುಶ್ರುತ ಸಂಹಿತೆ, ಸೀಳಿದ ಕರುಳಿನ ಅಂಚುಗಳನ್ನು ಕೂಡಿಸಿ ದೊಡ್ಡ ಕಪ್ಪು ಇರುವೆಗಳಿಂದ ಕಚ್ಚಿಸಿ, ತಲೆಯನ್ನು ಅಲ್ಲೇ ಬಿಟ್ಟು ದೇಹ ಕತ್ತರಿಸುವ ವಿಧಾನ ಹೇಳುತ್ತದೆ. ಫ್ರಾನ್ಸಿನ ಆಂತ್ವಾನ್ ಲೆಂಬೇರ್ 1826ರಲ್ಲಿ ಹೊರಮೈಗೆ ಹೊರಮೈ ಕೂಡುವಂತೆ ಹೊಲಿದರೆ ಬೇಗ ಅಂಟುತ್ತದೆ ಎಂದ. 1887ರಲ್ಲಿ ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ನಾಯಿಗಳ ಮೇಲಿನ ಪ್ರಯೋಗಗಳಿಂದ ಕೊನೆಯ ಗುಟ್ಟನ್ನು ಬಿಡಿಸಿದ: ಸೂಜಿ ಸಬ್‌ಮ್ಯೂಕೋಸವನ್ನು ಹಿಡಿಯದಿದ್ದರೆ ಹೊಲಿಗೆ ನಿಲ್ಲುವುದಿಲ್ಲ. ಇಂದಿಗೂ ಕರುಳು ಹೊಲಿಯುವವರು ಮೊದಲು ಕಲಿಯುವ ಪಾಠ ಇದು.

ಸ್ನಾಯು ಮತ್ತು ನರಜಾಲ

ಸ್ನಾಯುಪದರದಲ್ಲಿ ಒಳಗಿನ ಎಳೆಗಳು ಕೊಳವೆಯ ಸುತ್ತ, ಹೊರಗಿನವು ಉದ್ದಕ್ಕೆ ಹರಿದಿವೆ. ಸುತ್ತಿನ ಎಳೆ ಬಿಗಿದರೆ ಕೊಳವೆ ಕಿರಿದಾಗುತ್ತದೆ, ಉದ್ದದ ಎಳೆ ಬಿಗಿದರೆ ಮೊಟಕಾಗುತ್ತದೆ. ಅನ್ನನಾಳದ ಮೇಲಿನ ಮೂರನೇ ಒಂದು ಭಾಗದಲ್ಲಿ ಕೈಕಾಲುಗಳಲ್ಲಿರುವಂಥ ಪಟ್ಟೆಸ್ನಾಯು, ಕೆಳಗೆ ಅನೈಚ್ಛಿಕ ಸ್ನಾಯು, ನಡುವೆ ಎರಡರ ಮಿಶ್ರಣ. ಕಲಸುವ ಕೆಲಸವಿರುವ ಜಠರಕ್ಕೆ ಓರೆ ಎಳೆಗಳ ಮೂರನೆಯ ಸ್ತರ ಹೆಚ್ಚುವರಿಯಾಗಿ ಇದೆ. ದೊಡ್ಡ ಕರುಳಿನಲ್ಲಿ ಉದ್ದದ ಎಳೆಗಳು ಮೂರು ಪಟ್ಟಿಗಳಾಗಿ ಒಟ್ಟುಗೂಡಿವೆ.

ಈ ಸ್ನಾಯುಗಳನ್ನು ಆಳುವ ನರಕೋಶಗಳು ಭಿತ್ತಿಯೊಳಗೇ ಇವೆ. ಗೆಯೋರ್ಗ್ ಮೈಸ್ನರ್ 1857ರಲ್ಲಿ ಸಬ್‌ಮ್ಯೂಕೋಸದ ನರಜಾಲವನ್ನೂ, ಲಿಯೋಪೋಲ್ಡ್ ಔವರ್‌ಬಾಕ್ 1860ರ ದಶಕದಲ್ಲಿ ಎರಡು ಸ್ನಾಯುಸ್ತರಗಳ ನಡುವಿನ ಜಾಲವನ್ನೂ ವರ್ಣಿಸಿದರು. ಇವುಗಳಲ್ಲಿ 10 ಕೋಟಿಗೂ ಹೆಚ್ಚು ನರಕೋಶಗಳಿವೆ ಎಂಬುದು ಸಾಮಾನ್ಯ ಅಂದಾಜು. ಮಿದುಳಿನ ಸಂಪರ್ಕ ಕಡಿದ ಮೇಲೂ ಕರುಳು ತುತ್ತಿನ ಹಿಂದೆ ಬಿಗಿದು ಮುಂದೆ ಸಡಿಲವಾಗುತ್ತದೆ ಎಂದು ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ 1899ರಲ್ಲಿ ತೋರಿಸಿದರು. ಇದೇ ಪೆರಿಸ್ಟಾಲ್ಸಿಸ್ ಎಂಬ ಅಲೆಯಂತಹ ಚಲನೆಯ ಮೂಲ. ಅದಕ್ಕೆ ತಾಳ ಹಾಕುವವು ಸ್ಪೇನಿನ ರಮೋನ್ ಇ ಕಹಾಲ್ ಹೆಸರು ಹೊತ್ತ ಕೋಶಗಳು: ಜಠರದಲ್ಲಿ ನಿಮಿಷಕ್ಕೆ 3 ಅಲೆ, ಡ್ಯುವೋಡಿನಂನಲ್ಲಿ ಸುಮಾರು 12.

ಭ್ರೂಣದಲ್ಲಿ ಈ ಪದರಗಳ ಹುಟ್ಟು ಬೇರೆ ಬೇರೆ. ಅನುಲೇಪಕ ಅಂಗಾಂಶ ಮತ್ತು ಗ್ರಂಥಿಗಳು ಒಳಸ್ತರದಿಂದ, ಸ್ನಾಯು ಮತ್ತು ಸಂಯೋಜಕ ಅಂಗಾಂಶ ಮಧ್ಯಸ್ತರದಿಂದ ಬರುತ್ತವೆ. ನರಕೋಶಗಳು ಮಾತ್ರ ದೂರದ ವಲಸಿಗರು. ಬೆನ್ನುಹುರಿಯಾಗುವ ಕೊಳವೆಯ ಅಂಚಿನಿಂದ ಹೊರಟು, ಬಹುಪಾಲು ಅನ್ನನಾಳದ ಕಡೆಯಿಂದ ಕೆಳಮುಖವಾಗಿ ಸಾಗುತ್ತ, ಸುಮಾರು ಏಳನೆಯ ವಾರಕ್ಕೆ ಕರುಳಿನ ತುದಿ ಮುಟ್ಟುತ್ತವೆ. ಸುಮಾರು 5000 ಶಿಶುಗಳಲ್ಲಿ ಒಂದಕ್ಕೆ ಈ ವಲಸೆ ಕೊನೆ ಮುಟ್ಟುವುದಿಲ್ಲ. ಹುಟ್ಟಿದ ಒಂದೆರಡು ದಿನವಾದರೂ ಮಗು ಮೊದಲ ಕಡುಹಸಿರು ಮಲ ಹಾಕುವುದಿಲ್ಲ, ಹೊಟ್ಟೆ ಉಬ್ಬುತ್ತದೆ. ಕೋಪನ್‌ಹೇಗನ್ನಿನ ಮಕ್ಕಳ ವೈದ್ಯ ಹರಾಲ್ಡ್ ಹಿರ್ಷ್‌ಸ್ಪ್ರುಂಗ್ 1886ರಲ್ಲಿ ಇದನ್ನು ವಿವರಿಸಿದಾಗ ಹಿಗ್ಗಿ ಊದಿಕೊಂಡ ಕರುಳೇ ರೋಗಗ್ರಸ್ತ ಎಂದು ತೋರಿತ್ತು. ನಿಜದಲ್ಲಿ ಹಿಗ್ಗಿದ ಭಾಗದಲ್ಲಿ ನರಕೋಶಗಳಿವೆ. ಅದರ ಕೆಳಗೆ, ನೋಡಲು ಸರಿಯಾಗಿಯೇ ಇರುವ ಕಿರಿದಾದ ಭಾಗದಲ್ಲಿ ಅವಿಲ್ಲ. 1948ರಲ್ಲಿ ಬಾಸ್ಟನ್ನಿನ ಓರ್ವಾರ್ ಸ್ವೆನ್ಸನ್ ಆ ಭಾಗವನ್ನು ತೆಗೆದು ಜೋಡಿಸುವ ಶಸ್ತ್ರಚಿಕಿತ್ಸೆ ರೂಪಿಸಿದ ಮೇಲೆ ಈ ಮಕ್ಕಳು ಬದುಕತೊಡಗಿದರು.

ಸ್ನಾಯುವನ್ನಷ್ಟೇ ಕೊಯ್ದು ಲೋಳೆಪೊರೆಗೆ ಗೀರೂ ತಾಗಿಸದ ಶಸ್ತ್ರಚಿಕಿತ್ಸೆಯೂ ಇದೆ. ಕೆಲವು ವಾರಗಳ ಹಸುಳೆ ಕುಡಿದ ಹಾಲನ್ನೆಲ್ಲ ಚಿಮ್ಮಿ ಕಕ್ಕುವಂತೆ ಜಠರದ ದ್ವಾರದ ಸ್ನಾಯು ದಪ್ಪಗಾಗುವ ತೊಂದರೆಗೆ ಜರ್ಮನಿಯ ಕಾನ್ರಾಡ್ ರಾಮ್‌ಸ್ಟೆಟ್ 1912ರಲ್ಲಿ ಪ್ರಕಟಿಸಿದ ಪರಿಹಾರ ಇದು. ಸ್ನಾಯು ಸೀಳಿದಾಗ ಒಳಗಿನ ಪೊರೆ ಸೀಳಿನಲ್ಲಿ ಉಬ್ಬಿ ನಿಲ್ಲುತ್ತದೆ, ದಾರಿ ತೆರೆಯುತ್ತದೆ, ಮಗು ಬೇಗನೆ ಹಾಲು ಕುಡಿಯಬಲ್ಲದು.

ಹೊರಪೊರೆ

ಸೀರೋಸ ಚಪ್ಪಟೆ ಕೋಶಗಳ ಒಂದೇ ಸಾಲು ಮತ್ತು ಅದರಡಿಯ ತೆಳು ಅಂಗಾಂಶ. ಕರುಳಿನ ಕುಣಿಕೆಗಳು ಒಂದಕ್ಕೊಂದು ಅಂಟದೆ ಜಾರುವುದು ಇದರಿಂದ. ಅಪೆಂಡಿಕ್ಸ್ ಊದಿದಾಗ ಮೊದಲು ಹೊಕ್ಕುಳ ಸುತ್ತ ಮಂದ ನೋವು ಬರುತ್ತದೆ. ಉರಿಯೂತ ಸೀರೋಸ ದಾಟಿ ಹೊಟ್ಟೆಯ ಗೋಡೆಯ ಒಳಪೊರೆಗೆ ತಾಗಿದ ಮೇಲೆ ನೋವು ಬಲ ಕೆಳಹೊಟ್ಟೆಯಲ್ಲಿ ಬೆರಳಿಟ್ಟು ತೋರಿಸುವಷ್ಟು ಸ್ಪಷ್ಟವಾಗುತ್ತದೆ. ಅನ್ನನಾಳದ ಬಹುಭಾಗಕ್ಕೆ ಸೀರೋಸ ಇಲ್ಲ. ಅಲ್ಲಿನ ಕ್ಯಾನ್ಸರ್ ನೆರೆಯ ಅಂಗಗಳಿಗೆ ಬೇಗ ಹಬ್ಬುವುದಕ್ಕೂ, ಅಲ್ಲಿ ಹಾಕಿದ ಹೊಲಿಗೆ ಸೋರುವ ಭಯ ಹೆಚ್ಚಿರುವುದಕ್ಕೂ ಇದು ಒಂದು ಕಾರಣ.

ಆಳ ಮತ್ತು ರೋಗ

ದೊಡ್ಡ ಕರುಳಿನ ಉರಿಯೂತವಾದ ಅಲ್ಸರೇಟಿವ್ ಕೊಲೈಟಿಸ್ ಸಾಮಾನ್ಯವಾಗಿ ಲೋಳೆಪೊರೆ ಮತ್ತು ಸಬ್‌ಮ್ಯೂಕೋಸದ ಮೇಲ್ಭಾಗದಲ್ಲೇ ಉಳಿಯುತ್ತದೆ. ಇನ್ನೊಂದು ಉರಿಯೂತವಾದ ಕ್ರೋನ್ಸ್ ಕಾಯಿಲೆ ನಾಲ್ಕೂ ಪದರಗಳನ್ನು ಹಾದು ಪಕ್ಕದ ಕರುಳಿಗೋ ಮೂತ್ರಕೋಶಕ್ಕೋ ಸುರಂಗ ಕೊರೆಯಬಲ್ಲದು. ಭೇದಿ, ರಕ್ತ, ತೂಕ ಇಳಿಯುವುದು ಎರಡರಲ್ಲೂ ಇದ್ದರೂ ಶಸ್ತ್ರಚಿಕಿತ್ಸೆಯ ಲೆಕ್ಕಾಚಾರ ಬೇರೆಯಾಗುವುದು ಇದೇ ವ್ಯತ್ಯಾಸದಿಂದ.

ಕ್ಯಾನ್ಸರ್‌ನಲ್ಲಿ ಆಳದ ಮಹತ್ವ ಇನ್ನೂ ಹೆಚ್ಚು. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಕತ್ಬರ್ಟ್ ಡ್ಯೂಕ್ಸ್ 1932ರಲ್ಲಿ ಗುದನಾಳದ ಕ್ಯಾನ್ಸರನ್ನು ಅದು ಭಿತ್ತಿಯಲ್ಲಿ ಎಷ್ಟು ಇಳಿದಿದೆ, ದುಗ್ಧಗ್ರಂಥಿ ಮುಟ್ಟಿದೆಯೇ ಎಂಬುದರ ಮೇಲೆ ವಿಂಗಡಿಸಿದರು. ಈಗ ಬಯಾಪ್ಸಿ ವರದಿಯಲ್ಲಿ ಬರೆಯುವ ಟಿ ಅಂಕಿ ಅದರ ಮುಂದುವರಿಕೆ: ಟಿ1 ಎಂದರೆ ಸಬ್‌ಮ್ಯೂಕೋಸ ದಾಟಿಲ್ಲ, ಟಿ2 ಸ್ನಾಯುವಿಗೆ ಇಳಿದಿದೆ, ಟಿ3 ಸ್ನಾಯು ದಾಟಿದೆ, ಟಿ4 ಹೊರಪೊರೆಯನ್ನೋ ನೆರೆಯ ಅಂಗವನ್ನೋ ಮುಟ್ಟಿದೆ. ಲೋಳೆಪೊರೆಯಲ್ಲೇ ಇರುವ ಗಡ್ಡೆಯ ಅಡಿಗೆ, ಸಬ್‌ಮ್ಯೂಕೋಸದೊಳಕ್ಕೆ, ಎಂಡೋಸ್ಕೋಪ್ ಮೂಲಕ ದ್ರವ ತುಂಬಿ ಗಡ್ಡೆಯನ್ನು ಮೇಲೆತ್ತಿ ಕೊಯ್ದು ತೆಗೆಯುವ ವಿಧಾನವನ್ನು ಜಪಾನಿನ ವೈದ್ಯರು ಬೆಳೆಸಿದ್ದಾರೆ. ಹೊಟ್ಟೆ ಕೊಯ್ಯಬೇಕಿಲ್ಲ, ಅಂಗವೂ ಉಳಿಯುತ್ತದೆ. ಆದರೆ ಗಡ್ಡೆ ಮೊದಲ ಪದರದಲ್ಲೋ ಸಬ್‌ಮ್ಯೂಕೋಸದ ಅಂಚಿನಲ್ಲೋ ಇರುವಾಗ ಮಾತ್ರ ಇದು ಸಾಧ್ಯ. ಆದ್ದರಿಂದ ಮಲದಲ್ಲಿ ರಕ್ತ ಕಂಡಾಗ ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸಿ ತಿಂಗಳುಗಟ್ಟಲೆ ಸುಮ್ಮನಿರುವವರೂ, ನುಂಗಲು ಕಷ್ಟವಾದಾಗ ಗ್ಯಾಸ್ ಎಂದು ಮಾತ್ರೆ ನುಂಗುತ್ತ ಕೂರುವವರೂ ದಯವಿಟ್ಟು ವೈದ್ಯರನ್ನು ಕಾಣಿ. ಅವರು ಹೇಳಿದರೆ ಎಂಡೋಸ್ಕೋಪಿಗೆ ಹೆದರಬೇಡಿ.